ಭಾವನ ಬೈಕಿನ ಸದ್ದು

ನನ್ನ ಭಾವನ ಹಳೆ ಬೈಕು ಊರಿಡೀ ಕುಪ್ರಸಿದ್ಧ. ಆಲೆಟ್ಟಿಯ ಮನೆಗೆ ಇಳಿಯುವ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಾಕು, ಸೈಲೆನ್ಸರಿನಿಂದ ಡಬ್ ಡಬ್ ಎಂದು ಸಿಡಿಯುತ್ತಿತ್ತು. ಅದು ಕೇಳಿದೊಡನೆ ಅಕ್ಕ ಚಾಕ್ಕೆ ನೀರಿಡುತ್ತಿದ್ದಳು. ಆಲಂಕಾರಿನಲ್ಲಿರುವ ನನಗೆ ವರ್ಕ್‌ಶಾಪ್ ಇಲ್ಲ, ಹಳೆ ಬೈಕುಗಳ ಹುಚ್ಚು ಮಾತ್ರ. "ಟೈಮಿಂಗ್ ಲೇಟ್ ಉಂಟು ಭಾವ, ಆಲಂಕಾರಿಗೆ ತನ್ನಿ, ಸರಿ ಮಾಡಿ ಕೊಡ್ತೇನೆ" ಎಂದು ಎಷ್ಟು ಬಡಕೊಂಡರೂ ಆಸಾಮಿ ಕೇಳಬೇಕಲ್ಲ! "ಇರ್ಲಿ ಮಾರಾಯ, ಆನೆಗಾದ್ರೂ ಹೆದರಿಕೆ ಆಗ್ಲಿ" ಎಂದು ನಗುತ್ತಿದ್ದರು.

ಆನೆಯ ಮಾತು ತಮಾಷೆಯದ್ದಲ್ಲ. ಅಲ್ಲಿ ಆನೆ ಕಂಡವರು ಗರ್ನಾಲ್ ಹೊಡೆಯುವುದು ಕ್ರಮ. ಎದೆ ನಡುಗಿಸುವ ದೊಡ್ಡ ಪಟಾಕಿ ಅದು. ಸದ್ದು ಕೇಳಿದ ಮನೆಯವರೆಲ್ಲ ಡಬ್ಬ, ಟಾರ್ಚು ಹಿಡಿದು ಓಡಿ ಬರಬೇಕು. ಭಾವನ ಬೈಕಿನ ಬದಿಯ ಪೆಟ್ಟಿಗೆಯಲ್ಲಿ ಎರಡು ಗರ್ನಾಲ್, ಒಂದು ಬೆಂಕಿಪೆಟ್ಟಿಗೆ ಇಟ್ಟವನು ನಾನೇ.

ಕಳೆದ ವರ್ಷ ಒಂದು ಸಂಜೆ ಅಕ್ಕನಿಗೆ ಎರಡು ಸಲ ಸಿಡಿದದ್ದು ಕೇಳಿತು. ಚಾಕ್ಕೆ ನೀರಿಟ್ಟಳು. ಚಾ ಆಯಿತು, ಆರಿತು, ಭಾವ ಬರಲಿಲ್ಲ. ಹುಡುಕಿಕೊಂಡು ಹೋದವರಿಗೆ ರಬ್ಬರ್ ತೋಟದ ತಿರುವಿನಲ್ಲಿ ಸ್ಟ್ಯಾಂಡ್ ಹಾಕಿದ ಬೈಕು ಸಿಕ್ಕಿತು. ಭಾವ ಕೆಳಗೆ ಹರಿಯುವ ತೋಡಿನಲ್ಲಿದ್ದರು. ಆನೆ ತುಳಿದಿತ್ತು. ಇದಕ್ಕಿಂತ ಹೆಚ್ಚು ಬರೆಯಲಾರೆ. ಆಮೇಲೆ ಸುರಿದ ಮಳೆಗೆ ನೆಲದ ಮೇಲೆ ಒಂದು ಗುರುತೂ ಉಳಿಯಲಿಲ್ಲ.

ಉತ್ತರಕ್ರಿಯೆ ಮುಗಿದ ದಿನ ಅಕ್ಕ ನನ್ನನ್ನು ಅಂಗಳದ ಮೂಲೆಗೆ ಕರೆದಳು.

"ನಿನಗೆ ಬೈಕಿನದ್ದೆಲ್ಲ ಗೊತ್ತುಂಟಲ್ಲ. ಅವತ್ತು ನಾನು ಕೇಳಿದ್ದು ಬೈಕಾ, ಗರ್ನಾಲಾ? ಪೆಟ್ಟಿಗೆ ತೆರೆಯುವ ಧೈರ್ಯ ನನಗಿಲ್ಲ, ನೀನೇ ನೋಡಿ ಹೇಳು. ಗರ್ನಾಲ್ ಆಗಿದ್ರೆ ಅವರು ನಮ್ಮನ್ನು ಕರೆದದ್ದು. ನಾನು ಒಳಗೆ ಚಾ ಮಾಡ್ತಾ ನಿಂತದ್ದು."

ಅವಳು ಅನ್ನ ಮುಟ್ಟುವುದನ್ನೇ ಬಿಟ್ಟಿದ್ದಳು. ಹೀಗೇ ಆದರೆ ಇವಳೂ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಬೈಕನ್ನು ಪಿಕಪ್‌ನಲ್ಲಿ ಆಲಂಕಾರಿಗೆ ತಂದೆ. ಕಿಕ್ ಹೊಡೆದರೆ ಜೀವವೇ ಇಲ್ಲ. ಪ್ಲಗ್ ತೆಗೆದು ಎಂಜಿನ್‌ಗೆ ತಾಗಿಸಿ ನೋಡಿದೆ, ಕಿಡಿ ಇಲ್ಲ. ಕಿಡಿ ಯಾವಾಗ ಹಾರಬೇಕೆಂದು ನಿರ್ಧರಿಸುವ ಪಾಯಿಂಟ್‌ನ ಮುಚ್ಚಳ ಒಂದೇ ಸ್ಕ್ರೂವಿನಲ್ಲಿ ನೇತಾಡುತ್ತಿತ್ತು. ಒಳಗೆ ವಯರ್ ತುಂಡಾಗಿತ್ತು. ತುದಿಯ ಪ್ಲಾಸ್ಟಿಕ್ ಅರ್ಧ ಸುಲಿದಿತ್ತು, ಅದರ ಮೇಲೆ ಹಲ್ಲಿನ ಗುರುತು. ಅಂದರೆ ಆ ಸಂಜೆ ಬೈಕು ಕೈಕೊಟ್ಟು, ಭಾವ ತಿರುವಿನಲ್ಲಿ ಕೂತು ವಯರನ್ನು ಹಲ್ಲಿನಿಂದ ಸುಲಿದು ಜೋಡಿಸುತ್ತಿದ್ದರು. ಬದಿಯ ಪೆಟ್ಟಿಗೆ ತೆರೆದೆ. ಗರ್ನಾಲ್ ಎರಡೂ ಇಲ್ಲ. ಬೆಂಕಿಪೆಟ್ಟಿಗೆಯೂ ಇಲ್ಲ. ಅಯ್ಯೋ ದೇವರೇ! ಕಿಡಿಯೇ ಇಲ್ಲದ ಬೈಕು ಸಿಡಿಯುವುದೆಲ್ಲಿಂದ? ಭಾವ ಕರೆದಿದ್ದರು, ಎರಡು ಸಲ ಕರೆದಿದ್ದರು. ನಾನು ಅಲ್ಲೇ ನೆಲದಲ್ಲಿ ಕೂತು ಗೊಳೋ ಎಂದು ಅತ್ತೆ.

ಇದನ್ನು ಅಕ್ಕನಿಗೆ ಹೇಳುವುದಾ? ಸತ್ಯವನ್ನೇ ಹೇಳಬೇಕು ಎಂದು ಉಪದೇಶ ಮಾಡುವವರು ಬಂದು ಅವಳ ಮುಖ ನೋಡಿ ಹೇಳಲಿ. ನನ್ನಿಂದಾಗದು.

ಪುತ್ತೂರಿಗೆ ಹೋಗಿ ಹೊಸ ಪಾಯಿಂಟ್, ಕಂಡೆನ್ಸರ್ ತಂದೆ. ಪ್ಲಗ್ಗಿನ ತೂತಿಗೆ ಸೈಕಲ್ ಕಡ್ಡಿ ಇಳಿಸಿ, ಪಿಸ್ಟನ್ ಮೇಲೇರುವುದನ್ನು ಬೆರಳಿನಲ್ಲೇ ತಿಳಿದುಕೊಂಡೆ. ಪಾಯಿಂಟ್‌ನ ಸಂದಿಗೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಪಿಸ್ಟನ್ ತುದಿ ಮುಟ್ಟುವ ಚೂರು ಮೊದಲು ಕಾಗದ ಜಾರುವ ಹಾಗೆ, ಪಾಯಿಂಟ್ ಕೂರಿಸಿದ ಪ್ಲೇಟ್ ತಿರುಗಿಸಿದೆ. ಕಾಗದ ಜಾರಿದ ಕ್ಷಣವೇ ಕಿಡಿ ಹಾರುವ ಕ್ಷಣ. ಒಂದೇ ಕಿಕ್ಕಿಗೆ ಹಿಡಿಯಿತು. ಎಷ್ಟು ಚಂದದ ಸದ್ದು! ಒಂದು ಬೆಳಿಗ್ಗೆಯ ಕೆಲಸ ಮಾರಾಯ್ರೆ, ಅಷ್ಟೇ. ಭಾವ ಒಮ್ಮೆ ತಂದು ಕೊಟ್ಟಿದ್ದರೆ ಆ ಸಂಜೆ ಊರಿನಲ್ಲಿ ಯಾರೂ ಗರ್ನಾಲನ್ನು ಬೈಕು ಎಂದುಕೊಳ್ಳುತ್ತಿರಲಿಲ್ಲ. ಸತ್ತವರ ಮೇಲೆ ನನಗೆ ಸಿಟ್ಟು ಬಂತು.

ಮತ್ತೆ ಅದೇ ಪ್ಲೇಟನ್ನು ಹಿಂದಕ್ಕೆ ತಿರುಗಿಸಿದೆ. ಕಿಡಿ ತಡವಾದರೆ ಪೆಟ್ರೋಲ್ ಪೂರ್ತಿ ಉರಿಯದೆ ಸೈಲೆನ್ಸರಿಗೆ ನುಗ್ಗಿ ಅಲ್ಲಿ ಸಿಡಿಯುತ್ತದೆ. ಸೈಲೆನ್ಸರಿನ ಜಾಯಿಂಟನ್ನೂ ಸಡಿಲ ಮಾಡಿದೆ. ಕೊಯಿಲದ ಕಡೆಗೆ ಓಡಿಸಿ ನೋಡಿದೆ. ಸದ್ದು ಗರ್ನಾಲಿನಷ್ಟಿಲ್ಲ, ಸಾಲದು ಅನ್ನಿಸಿತು, ಇನ್ನಷ್ಟು ತಿರುಗಿಸಿದೆ. ಬೈಕು ಸರಿ ಮಾಡಲು ಕೂಡ ನಾನು ಎಂದೂ ಇಷ್ಟು ಶ್ರದ್ಧೆ ವಹಿಸಿದವನಲ್ಲ.

ಒಂದು ಸಂಜೆ ಅದರಲ್ಲೇ ಆಲೆಟ್ಟಿಗೆ ಹೋದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೆ. ಡಬ್, ಡಬ್. ಅಂಗಳಕ್ಕೆ ಬರುವಾಗ ಅಕ್ಕ ಜಗಲಿಯ ಕಂಬ ಹಿಡಿದು ನಿಂತಿದ್ದಳು.

"ಇದೇ," ಎಂದಳು. "ಇದೇ ಸದ್ದು."

"ಪೆಟ್ಟಿಗೆಯಲ್ಲಿ ಗರ್ನಾಲ್ ಹಾಗೇ ಉಂಟು ಅಕ್ಕ. ಅವರು ಹೊಡೆಯಲೇ ಇಲ್ಲ," ಎಂದು ಸೇರಿಸಿದೆ. ಮೊದಲೇ ಎರಡು ಹೊಸದು ಇಟ್ಟಿದ್ದೆ, ತೋರಿಸಿದೆ. ಅವಳು ಅಲ್ಲೇ ಕೂತು ಅತ್ತಳು. ಅಬ್ಬ, ಇನ್ನು ಊಟ ಮಾಡಿಯಾಳು ಎಂದುಕೊಂಡೆ.

ಅಷ್ಟರಲ್ಲಿ ಪಕ್ಕದ ಮನೆಯವರು ಡಬ್ಬ ಬಡಿಯುತ್ತ ಓಡಿ ಬಂದರು. "ಎಲ್ಲಿ? ಆನೆ ಎಲ್ಲಿ ಉಂಟು?" ಭಾವ ಹೋದ ಮೇಲೆ ಯಾವ ಸದ್ದು ಕೇಳಿದರೂ ಅವರು ಹೀಗೇ ಓಡಿ ಬರುವುದಂತೆ.

"ಆನೆ ಅಲ್ಲ ಮಾರಾಯ್ರೆ, ಬೈಕು," ಎಂದಳು ಅಕ್ಕ. ಹೇಳಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರು ತಲೆ ತಗ್ಗಿಸಿ ಹಿಂದೆ ಹೋದರು.

"ಅವತ್ತೂ ಅವರು ಬೇಲಿ ಹತ್ತಿರ ಬಂದು ಕೇಳಿದ್ರು, ಗರ್ನಾಲಾ ಅಂತ," ಎಂದಳು ಅಕ್ಕ. "ಹೀಗೇ ಹೇಳಿ ವಾಪಸ್ ಕಳಿಸಿದ್ದು ನಾನು." ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬೈಕೇ ಅಲ್ವಾ ತಮ್ಮಾ?"

"ಬೈಕೇ ಅಕ್ಕ," ಎಂದೆ.