ಅಧ್ಯಕ್ಷರು ಕೆಳಗಿಟ್ಟ ಲೋಟ

ಬಟ್ಟೆ ಪೇಟೆಯ ವರ್ತಕರ ಸಂಘಕ್ಕೆ ಹನ್ನೊಂದು ವರ್ಷದಿಂದ ಅಧ್ಯಕ್ಷನಾಗಿರುವವನು ನೋಡಲು ಅಂಥ ಆಸಾಮಿಯೇನಲ್ಲ. ಕುಳ್ಳು ದೇಹ, ಕಾಲರು ಸವೆದ ಅಂಗಿ, ಪಕ್ಕದಲ್ಲಿ ಕೂತವನಿಗೂ ಸರಿಯಾಗಿ ಕೇಳಿಸದ ದನಿ. ಗುಡುಗಿ ಅಭ್ಯಾಸವಿಲ್ಲ, ಗುಡುಗಬೇಕಾದ ಪ್ರಮೇಯವೂ ಬಂದಿಲ್ಲ. ಅವನು ಪೇಟೆಯನ್ನು ಆಳುವುದು ಚಹಾ ಕುಡಿದು.

ಕ್ರಮ ಹೀಗೆ. ಬೆಳಿಗ್ಗೆ ಶಟರುಗಳು ಮೇಲೆ ಹೋದ ಕೂಡಲೇ ಅಧ್ಯಕ್ಷ ಓಣಿಯ ತುದಿಯಿಂದ ಹೊರಡುತ್ತಾನೆ. ಹದಿನಾಲ್ಕು ಅಂಗಡಿ, ಹದಿನಾಲ್ಕು ಅರ್ಧ ಲೋಟ. ಅಂಗಡಿಯ ಯಜಮಾನನೇ ಎದ್ದು ಫ್ಲಾಸ್ಕಿನಿಂದ ಬಗ್ಗಿಸಿ ಕೊಡಬೇಕು, ಇವನು ಹೊಸ್ತಿಲಲ್ಲಿ ನಿಂತು ಎಲ್ಲರಿಗೂ ಕಾಣುವಂತೆ ಕುಡಿಯಬೇಕು. ಕುಡಿದ ಅಂಗಡಿಯ ಮೂಟೆ ಲಾರಿಯಿಂದ ಮೊದಲು ಇಳಿಯುತ್ತದೆ. ಕುಡಿಯದ ಅಂಗಡಿಯದು ಸಂಜೆಯವರೆಗೂ ಬಿಸಿಲು ಕಾಯಿಸುತ್ತದೆ. ಹಮಾಲರಿಗೆ ಯಾರೂ ಏನೂ ಹೇಳಿರುವುದಿಲ್ಲ. ಅವರಿಗೂ ಕಣ್ಣಿದೆ ಅಷ್ಟೆ. ಮೂರು ದಿನ ಲೋಟ ಮುಟ್ಟದಿದ್ದರೆ ಅಕ್ಕಪಕ್ಕದವರ ನಗು ಕಡಿಮೆಯಾಗುತ್ತದೆ. ವಾರವಾದರೆ ದಲ್ಲಾಳಿಗಳು ಗಿರಾಕಿಯನ್ನು ಆ ಕಡೆ ಕರೆತರುವುದನ್ನೇ ಮರೆಯುತ್ತಾರೆ. ಮಳಿಗೆಗಳೆಲ್ಲ ಸಂಘದ ಸ್ವತ್ತು. ವರ್ಷಕ್ಕೊಮ್ಮೆ ಕರಾರು ಹೊಸದು ಮಾಡುವಾಗ ಅಂಥವನ ಕಾಗದ ತಾನಾಗಿಯೇ ಕಟ್ಟಿನ ಅಡಿಗೆ ಹೋಗುತ್ತದೆ.

"ನಾನು ಯಾರಿಗಾದ್ರೂ ಒಂದು ಕೆಟ್ಟ ಮಾತು ಅಂದಿದ್ದೀನಾ?" ಎಂದು ಅಧ್ಯಕ್ಷ ಕೇಳುವುದುಂಟು. ಅಂದಿಲ್ಲ. ಹೇಸಿಗೆಯಾಗುವುದೇ ಅದಕ್ಕೆ.

ಹದಿನೆಂಟನೇ ವಯಸ್ಸಿಗೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಇವನನ್ನು ಅಕ್ಕ ತನ್ನ ಮನೆಗೆ ಕರೆತಂದಳು. ಭಾವನದು ಅಸ್ತರು ಬಟ್ಟೆಯ ಅಂಗಡಿ. ಕೋಟಿನ ಒಳಗೆ ಹೋಗಿ ಯಾರ ಕಣ್ಣಿಗೂ ಬೀಳದ ಬಟ್ಟೆ. ಭಾವನೂ ಅದೇ ಜಾತಿಯ ಮನುಷ್ಯ. ಥಾನು ಮಡಿಸುವುದನ್ನು, ಗಿರಾಕಿಯ ಎದುರು ಎರಡೇ ಎಳೆತಕ್ಕೆ ಬಿಚ್ಚಿ ಹಾಸುವುದನ್ನು ಅವನೇ ಕಲಿಸಿದ. ಮೊದಲ ಚುನಾವಣೆಯಲ್ಲಿ "ನನ್ನ ಹೆಂಡತಿ ತಮ್ಮ, ಕೈಬಿಡಬೇಡಿ" ಎಂದು ಓಣಿಯ ಪ್ರತಿ ಹೊಸ್ತಿಲಲ್ಲೂ ಕೈಮುಗಿದು ನಿಂತವನೂ ಅವನೇ.

ಗೆದ್ದವನು ಹನ್ನೊಂದು ವರ್ಷ ಕುಡಿದ. ಒಬ್ಬನದು ಕುದಿದು ಕುದಿದು ಕಹಿಯಾದ ಕಷಾಯ, ಇನ್ನೊಬ್ಬನದು ಸಕ್ಕರೆ ಪಾಕ, ಮತ್ತೊಬ್ಬನ ಫ್ಲಾಸ್ಕು ತೊಳೆದು ತಿಂಗಳಾಗಿರುತ್ತಿತ್ತು. ಎಲ್ಲದಕ್ಕೂ ಒಂದೇ ಸಮನೆ ನಾಲಿಗೆ ಚಪ್ಪರಿಸಬೇಕು. ಕೊನೆಗೆ ಎದೆಯ ಕೆಳಗೆ ಕೆಂಡ ಇಟ್ಟಂತಾಗಿ ಡಾಕ್ಟರ ಹತ್ತಿರ ಹೋದ.

"ಹೊಟ್ಟೇಲಿ ಹುಣ್ಣಾಗಿದೆ. ಇನ್ನು ಟೀ ಮುಟ್ಟಬೇಡಿ," ಎಂದರು ಡಾಕ್ಟರು.

"ನಾನು ಬಿಟ್ರೂ ಪೇಟೆ ಬಿಡಬೇಕಲ್ಲ ಡಾಕ್ಟ್ರೇ."

ತಮಾಷೆಯೆಂದುಕೊಂಡು ಡಾಕ್ಟರು ನಕ್ಕರು. ಅವನು ವಿಷಯವನ್ನು ಯಾರಿಗೂ ಹೇಳಲಿಲ್ಲ. ಚುನಾವಣೆಗೆ ತಿಂಗಳಷ್ಟೇ ಉಳಿದಿತ್ತು. ಪರದೆ ಅಂಗಡಿಯವನು ಈ ಸಲ ಎದುರು ನಿಲ್ಲುತ್ತಾನೆ, ಅರ್ಧ ಓಣಿ ಆಗಲೇ ಅವನ ಕಿಸೆಯಲ್ಲಿದೆ ಎಂದು ಮಾತಾಗಿತ್ತು. ಹುಣ್ಣಿನ ಹೊಟ್ಟೆಯವನಿಗೆ ಓಟು ಹಾಕುವ ದಡ್ಡರು ಬಟ್ಟೆ ವ್ಯಾಪಾರಕ್ಕೆ ಬರುವುದಿಲ್ಲ.

ಮುಂದಿನ ಸೋಮವಾರ ಏಳನೇ ಲೋಟ ಪರದೆ ಅಂಗಡಿಯದು. ಕೆನೆ ಗಟ್ಟಿಯಾಗಿ ಚರ್ಮದಂತೆ ತೇಲುತ್ತಿತ್ತು. ಅದು ಗಂಟಲಿಗೆ ಅಂಟಿಕೊಂಡಿತು. ಎಂಟನೆಯದು ಭಾವನ ಅಂಗಡಿ. ಭಾವ ಎಂದಿನಂತೆ ಎದ್ದು, ಲೋಟದ ಅಂಚು ಒರೆಸಿ, ಬಗ್ಗಿಸಿ ಕೊಟ್ಟ. ತುಟಿಗೆ ತಂದದ್ದೇ ತಡ, ಹೊಟ್ಟೆ ತೊಳಸಿ ಬಾಯಿಗೇ ಬಂತು. ಅಧ್ಯಕ್ಷ ಲೋಟ ಕೆಳಗಿಟ್ಟು, ಮುಖ ತಿರುಗಿಸಿ, ಬಾಯಿಗೆ ಕರ್ಚೀಫು ಒತ್ತಿಕೊಂಡು ಸರಸರನೆ ನಡೆದುಬಿಟ್ಟ. ಸಂಘದ ಹಿಂದಿನ ಶೌಚಾಲಯದಲ್ಲಿ ಅವನು ಕಕ್ಕಿದ್ದನ್ನು ಯಾರೂ ನೋಡಲಿಲ್ಲ. ಲೋಟ ಕೆಳಗಿಟ್ಟದ್ದನ್ನು ಓಣಿಗೆ ಓಣಿಯೇ ನೋಡಿತ್ತು.

ಮಧ್ಯಾಹ್ನ ಭಾವನ ಮೂಟೆಗಳು ಲಾರಿಯಲ್ಲೇ ಇದ್ದವು. ಪರದೆ ಅಂಗಡಿಯವನು ಸಂಘದ ಕಚೇರಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಸ್ವಂತ ಭಾವನನ್ನೇ ಬಿಡ್ಲಿಲ್ಲ ನೀವು," ಎಂದ. "ಅಂಥದ್ದೇನು ಮಾಡಿದ್ರು ಅವರು?"

ಹೊಟ್ಟೆ ಕೆಟ್ಟಿತ್ತು ಮಾರಾಯ ಎನ್ನಲು ಅಧ್ಯಕ್ಷ ಬಾಯಿ ತೆರೆದ. ಎದುರಿನವನ ಮೇಲ್ತುಟಿಯ ಮೇಲೆ ಬೆವರು ಕಂಡಿತು. ನಿನ್ನೆಯವರೆಗೂ ಮೀಸೆ ತಿರುವುತ್ತಿದ್ದವನ ತುಟಿ. ಅಧ್ಯಕ್ಷ ಬಾಯಿ ಮುಚ್ಚಿ, ಮತ್ತೆ ತೆರೆದ.

"ಕೆಲವು ವಿಷಯ ಹೊರಗೆ ಹೇಳೋಕಾಗಲ್ಲ."

ಅದು ಸುಳ್ಳೂ ಅಲ್ಲ.

ಮರುದಿನ ಹದಿಮೂರು ಅಂಗಡಿಗಳಲ್ಲಿ ಕುಡಿದು, ಭಾವನ ಮುಂದೆ ದಾರಿಹೋಕನಂತೆ ಹಾದುಹೋದ. ಆಮೇಲೆ ಹೋಗಿ ಕಕ್ಕಿದ. ಅದೇ ದಿನಚರಿಯಾಯಿತು. ಫ್ಲಾಸ್ಕು ಹಿಡಿದ ಕೈಗಳು ಈಗ ಸಣ್ಣಗೆ ನಡುಗುತ್ತಿದ್ದವು. ಪರದೆ ಅಂಗಡಿಯವನು "ನನಗ್ಯಾಕೆ ಈ ಉಸಾಬರಿ" ಎಂದು ಚುನಾವಣೆಯಿಂದ ಹಿಂದೆ ಸರಿದ.

ಎರಡನೇ ವಾರ ಅಕ್ಕ ಮನೆಗೆ ಬಂದಳು. ಕೂರಲಿಲ್ಲ.

"ನಿಮ್ಮ ಭಾವ ಏನು ತಪ್ಪು ಮಾಡಿದ್ರು ಹೇಳು. ಬಂದು ಕಾಲು ಹಿಡ್ಕೋತಾರೆ."

"ಭಾವ ಏನೂ ಮಾಡಿಲ್ಲ ಅಕ್ಕ. ಅವತ್ತು ಹೊಟ್ಟೆ ಸರಿಯಿರಲಿಲ್ಲ."

ಅಕ್ಕ ಅವನ ಮುಖವನ್ನೇ ನೋಡಿದಳು. "ಇಷ್ಟೇನಾ? ನಾನು ಏನೇನೋ ಅಂದ್ಕೊಂಡು ನಿದ್ದೆಗೆಟ್ಟೆನಲ್ಲೋ. ನಾಳೆ ಬಂದು ಒಂದು ಗುಟುಕು ಕುಡಿ. ಟೀ ಬೇಡ, ಬರೀ ಬಿಸಿನೀರು ಹಾಕ್ಕೊಡ್ತಾರೆ. ಸ್ಟೀಲ್ ಲೋಟದೊಳಗೆ ಏನಿದೆ ಅಂತ ಯಾರು ಬಗ್ಗಿ ನೋಡ್ತಾರೆ?"

"ಚುನಾವಣೆ ಮುಗೀಲಿ."

"ಶುಕ್ರವಾರವೇ ಕರಾರಿನ ಮೀಟಿಂಗಂತೆ. ನಮ್ಮ ಮಳಿಗೆ ಪರದೆಯವನಿಗೆ ಅಂತ ಆಗಲೇ ಮಾತಾಡ್ಕೊಂಡಿದ್ದಾರಂತೆ."

"ಇಲ್ಲೇ ಕೊಡು ಅಕ್ಕ, ಹತ್ತು ಲೋಟ ಕುಡೀತೀನಿ."

"ಇಲ್ಲಿ ನೀನು ನನ್ನ ತಮ್ಮ," ಎಂದಳು ಅಕ್ಕ. "ತಮ್ಮ ಕುಡಿದ್ರೆ ಮೂಟೆ ಇಳಿಯುತ್ತಾ?"

ಶುಕ್ರವಾರ ಮಹಡಿಯ ಮೇಲಿನ ಕಚೇರಿಯಲ್ಲಿ, ಭಾವನನ್ನು ಬಿಟ್ಟು ಉಳಿದ ಹದಿಮೂರು ಅಂಗಡಿಯವರೂ ಮೇಜಿನ ಸುತ್ತ ಕೂತಿದ್ದರು. ಭಾವನ ಮಳಿಗೆಯನ್ನು ಬೇರೆಯವರಿಗೆ ಕೊಡುವ ಕಾಗದ ಅಧ್ಯಕ್ಷನ ಮುಂದಿತ್ತು. ಸಹಿಯೊಂದೇ ಬಾಕಿ. ಅಕ್ಕ ಕದ ತಳ್ಳಿಕೊಂಡು ಒಳಗೆ ಬಂದಳು, ಕೈಯಲ್ಲಿ ಅಂಗಡಿಯ ಫ್ಲಾಸ್ಕು. ಯಾರೂ ಬೇಡ ಎನ್ನಲಿಲ್ಲ. ಏನಾಗುತ್ತದೋ ನೋಡುವ ಚಪಲ ಎಲ್ಲರಿಗೂ ಇತ್ತು. ಅವಳು ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟು, ಕಿವಿಯ ಹತ್ತಿರ ಬಾಗಿದಳು.

"ಬಿಸಿನೀರು ಕಣೋ. ಕುಡಿ."

ಹಬೆ ಏಳುತ್ತಿತ್ತು. ಬೆಳಗಿನಿಂದ ಉರಿಯುತ್ತಿದ್ದ ಹೊಟ್ಟೆ ಅದನ್ನು ಬೇಡಿತು. ಒಂದು ಗುಟುಕಿಗೆ ಅಕ್ಕನ ಮನೆ ಉಳಿಯುತ್ತಿತ್ತು. ಅಧ್ಯಕ್ಷ ತಲೆಯೆತ್ತಿ ಸುತ್ತ ನೋಡಿದ. ಹದಿಮೂರು ಮುಖಗಳೂ ಉಸಿರು ಬಿಗಿಹಿಡಿದು ಕಾಯುತ್ತಿದ್ದವು. ಕುಡಿದರೆ ಆ ಮುಖಗಳು ಸಡಿಲವಾಗುತ್ತವೆ, ನಾಳೆಯಿಂದ ಕೈಗಳು ನಡುಗುವುದಿಲ್ಲ. ಎರಡು ಬೆರಳಿನಿಂದ ಲೋಟವನ್ನು ಪಕ್ಕಕ್ಕೆ ಸರಿಸಿ, ಕಾಗದವನ್ನು ಎಳೆದುಕೊಂಡು ಸಹಿ ಹಾಕಿದ.

"ಮುಂದಿನ ವಿಷಯ," ಎಂದ.

ಅಕ್ಕ ಲೋಟ ಎತ್ತಿ ನೀರನ್ನು ತಾನೇ ಕುಡಿದಳು. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹೊರಗೆ ಹೋದಳು.

"ಎಂಥಾ ಗಟ್ಟಿ ಮನಸ್ಸು ಅಧ್ಯಕ್ಷರದು," ಎಂದ ಪರದೆ ಅಂಗಡಿಯವನು. ಉಳಿದವರು ತಲೆದೂಗಿದರು.

ಅಧ್ಯಕ್ಷ ತನ್ನ ಸಹಿಯನ್ನು ನೋಡಿಕೊಂಡ. ಒಂದು ಗೆರೆಯೂ ಅಲುಗಿರಲಿಲ್ಲ. ಮುಚ್ಚಿಡುವುದೇಕೆ, ಅವನಿಗೆ ಖುಷಿಯೇ ಆಯಿತು.

"ಎದುರಾಳಿ ಇಲ್ಲದ ಮೇಲೆ ಚುನಾವಣೆ ಯಾಕೆ, ಈಗಲೇ ಮುಗಿಸಿಬಿಡೋಣ," ಎಂದು ಯಾರೋ ಸೂಚಿಸಿದರು. ಅಕ್ಕ ಇನ್ನೂ ಮೆಟ್ಟಿಲು ಇಳಿಯುತ್ತಿದ್ದಳು. ಮಂಡಿನೋವಿನವಳು, ಒಂದೊಂದೇ ಮೆಟ್ಟಿಲು. ಚಪ್ಪಲಿಯ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಆ ಸದ್ದು ಬೀದಿ ಮುಟ್ಟುವ ಮೊದಲೇ ಅವನನ್ನು ಅವಿರೋಧವಾಗಿ ಆರಿಸಿ, ಚಪ್ಪಾಳೆ ತಟ್ಟಿದರು.