ಹನ್ನೊಂದನೆಯ ನಂಬರಿನ ಪ್ಯಾರಾ

ನಮ್ಮ ಅಪ್ಪ ಪೊಲೀಸ್ ಹವಾಲ್ದಾರರಾಗಿದ್ದರು. ಬೈಲಹೊಂಗಲದ ನಮ್ಮ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಹಾಸಿಗೆ ಮಡಚಬೇಕು, ಐದೂವರೆಗೆ ನೀರು ತುಂಬಬೇಕು, ಆರಕ್ಕೆ ಪುಸ್ತಕ ಹಿಡಿಯಬೇಕು. ತಡವಾದರೆ ಬೈಗುಳವಿರಲಿಲ್ಲ. ಅಪ್ಪ ಗೋಡೆಯ ಗಡಿಯಾರವನ್ನು ಒಮ್ಮೆ ನೋಡುತ್ತಿದ್ದರು, ಅಷ್ಟೇ. ಅದು ಸಾಕಾಗುತ್ತಿತ್ತು. ಮುಂದೆ ಶಿಕ್ಷಕಿಯರ ತರಬೇತಿಗೆಂದು ಧಾರವಾಡಕ್ಕೆ ಹೋದೆ. ಅಲ್ಲಿನ ವಸತಿಗೃಹದಲ್ಲೂ ಊಟಕ್ಕೆ, ಓದಿಗೆ, ದೀಪ ಆರಿಸುವುದಕ್ಕೆ ಒಂದೊಂದು ಗಂಟೆ ಬಾರಿಸುತ್ತಿದ್ದರು. ಉಳಿದ ಹುಡುಗಿಯರು ಗೊಣಗಿದರು. ನನಗೆ ಮನೆಯಲ್ಲಿದ್ದಂತೆಯೇ ಅನಿಸಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ದೊಡವಾಡದ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ನನ್ನ ಕೈಗೆ ಬಂತು. ನಾನು ಕಲಿತಿದ್ದ ಶಿಸ್ತನ್ನೆಲ್ಲ ಅಲ್ಲಿಗೆ ತೆಗೆದುಕೊಂಡು ಹೋದೆ. ಪಾಟಿ ಒರೆಸುವುದಕ್ಕೂ ಒಂದು ಹೊತ್ತು, ನೀರು ಕುಡಿಯುವುದಕ್ಕೂ ಒಂದು ಸಾಲು. ಓದಿಸುವುದಕ್ಕೂ ನನ್ನದೊಂದು ಪದ್ಧತಿಯಿತ್ತು. ದಿನವೂ ಒಂದನೆಯ ನಂಬರಿನಿಂದ ಶುರುಮಾಡಿ, ಹಾಜರಿ ಪುಸ್ತಕದ ಕ್ರಮದಂತೆ ಒಬ್ಬೊಬ್ಬರು ಎದ್ದುನಿಂತು ಒಂದೊಂದು ಪ್ಯಾರಾ ಓದಬೇಕು. ಅಂದು ಶಾಲೆಗೆ ಬಾರದವರ ನಂಬರು ಬಿಟ್ಟು ಮುಂದಿನವರು ಓದಬೇಕು. ಪಾಠ ಮುಗಿದರೆ ಮತ್ತೆ ಮೊದಲ ಪ್ಯಾರಾದಿಂದ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಇಷ್ಟು ನ್ಯಾಯವಾದ ಪದ್ಧತಿ ಇಡೀ ತಾಲೂಕಿನಲ್ಲಿ ಇರಲಿಕ್ಕಿಲ್ಲ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಹನ್ನೊಂದನೆಯ ನಂಬರಿನ ಹುಡುಗಿ ಗೌಂಡಿಯ ಮಗಳು. ಗೋಡೆ ಕಟ್ಟುವುದರಲ್ಲಿ ಅವಳಪ್ಪನ ಕೈ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಅವ್ವ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಅವರ ಮನೆಯ ಬಾಗಿಲ ಮೇಲೆ ಬುದ್ಧನ ಪಟವಿತ್ತು. ಹುಡುಗಿ ಎರಡು ಜಡೆ ಹಾಕಿಕೊಂಡು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲೂ ತಡವರಿಸದೆ ಓದುತ್ತಿದ್ದಳು. "ಓದಿದ್ರ ಹಿಂಗ ಓದಬೇಕು ನೋಡ್ರಿ" ಎಂದು ನಾನು ವರ್ಗದ ಎದುರು ಎಷ್ಟೋ ಸಲ ಹೇಳಿದ್ದೆ.

ಆದರೆ ಉಕ್ತಲೇಖನದಲ್ಲಿ ಅವಳದು ನೋಡುವಂತಿರಲಿಲ್ಲ. ತಪ್ಪಾದ ಪದವನ್ನು ಹತ್ತು ಸಲ ಬರೆಯುವ ಶಿಕ್ಷೆ ಕೊಟ್ಟರೆ ಹತ್ತು ಸಲ ಹತ್ತು ರೀತಿಯಲ್ಲಿ ಬರೆದು ತರುತ್ತಿದ್ದಳು. ಇಷ್ಟು ಚೆನ್ನಾಗಿ ಓದುವವಳಿಗೆ ಬರೆಯಲು ಬಾರದಿದ್ದರೆ ಅದು ಸೋಮಾರಿತನವೇ ಎಂದು ತೀರ್ಮಾನಿಸಿದೆ. ಹತ್ತರ ಬದಲು ಇಪ್ಪತ್ತು ಸಲ ಬರೆಸಿದೆ.

ಹತ್ತಿಯ ಸುಗ್ಗಿ ಶುರುವಾಗುವ ಹೊತ್ತಿಗೆ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಒಳ್ಳೆಯ ಓದುಗರನ್ನು ಎಬ್ಬಿಸಿ ಅಂದರು. ನಾನು ಹನ್ನೊಂದನೆಯ ನಂಬರಿನವಳನ್ನೇ ಎಬ್ಬಿಸಿದೆ. ಸಾಹೇಬರು ಪುಸ್ತಕದ ನಡುವೆ ಎಲ್ಲೋ ತೆಗೆದು ಕೈಗೆ ಕೊಟ್ಟರು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಎಂದಿನಂತೆ ಗಟ್ಟಿಯಾಗಿ ಶುರುಮಾಡಿದಳು. ಪುಸ್ತಕ ತೆರೆದದ್ದು ಜೇನುಹುಳದ ಪಾಠಕ್ಕೆ, ಅವಳು ಓದುತ್ತಿದ್ದದ್ದು ಆ ವಾರದ ಅಂಚೆಯವನ ಪಾಠ.

ವರ್ಗವೆಲ್ಲ ನಕ್ಕಿತು. ಸಾಹೇಬರೂ ನಕ್ಕರು.

"ಅಕ್ಕೋರ, ನಿಮ್ಮ ಹುಡುಗಿ ಭಾಳ ಶ್ಯಾಣ್ಯಾ ಅದಾಳ್ರಿ. ಪುಸ್ತಕ ಇಲ್ಲದನ ಓದತಾಳ!"

ನನಗೆ ಭೂಮಿಯೊಳಗೆ ಇಳಿದುಹೋದಂತಾಯಿತು. ಶಾಲೆಯಲ್ಲಿ ಮೂರು ವರ್ಷ ಕಳೆದು ನನ್ನ ತನಕ ಬಂದವಳಿಗೆ ಒಂದು ಸಾಲು ಓದಲು ಬರುತ್ತಿರಲಿಲ್ಲ. ಆಗ ನನಗೆ ಹುಡುಗಿಯ ಕಷ್ಟ ಕಾಣಲಿಲ್ಲ, ನನ್ನ ಅವಮಾನ ಮಾತ್ರ ಕಂಡಿತು. ಮರುದಿನ ಅವಳಪ್ಪನನ್ನು ಕರೆಸಿ, ಹೆಡ್‌ಮಾಸ್ತರರ ಎದುರಿಗೇ, "ನಿಮ್ಮ ಮಗಳು ಇಷ್ಟ ದಿನ ನನಗ ಮೋಸ ಮಾಡ್ಯಾಳ್ರಿ" ಎಂದುಬಿಟ್ಟೆ.

ಆತ ಕೈಗೆ ಮೆತ್ತಿದ್ದ ಗಾರೆಯನ್ನು ಉಜ್ಜಿಕೊಳ್ಳುತ್ತ ನಿಂತಿದ್ದ. ಕೊನೆಗೆ ಹೆಡ್‌ಮಾಸ್ತರರ ಕಡೆ ತಿರುಗಿ, "ಹಂಗಾರ ಹೆಸರು ತಗದ ಬಿಡ್ರಿ ಸರ. ರಾಮದುರ್ಗದಾಗ ಇಕಿ ದೊಡ್ಡವ್ವ ಮಗ್ಗದ ಮನ್ಯಾಗ ಕಂಡಿಕಿಗೆ ನೂಲು ಸುತ್ತತಾಳ. ಅಲ್ಲಿಗೇ ಕಳಸ್ತೇನಿ. ಕೈಗೆ ಒಂದ ಕೆಲಸ ಆದ್ರೂ ಬಂದೀತು" ಎಂದ.

ಹೆಡ್‌ಮಾಸ್ತರರು ಸಾವಧಾನದ ಮನುಷ್ಯ. ಹಾಜರಿ ಪುಸ್ತಕವನ್ನು ತೆರೆಯಲೇ ಇಲ್ಲ. "ಅರ್ಜಿ ಬೇಕಪಾ. ಸೋಮವಾರ ತಗೊಂಡ ಬಾ" ಎಂದರು. ಹೆಸರು ತೆಗೆಯಲು ಅರ್ಜಿ ಬೇಕೆಂಬ ನಿಯಮವೇನೂ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರು ಆ ಸುಳ್ಳು ಹೇಳದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಆ ವಾರವೇ ಧಾರವಾಡದ ತರಬೇತಿ ಕಾಲೇಜಿನಿಂದ ವಿದ್ಯಾರ್ಥಿ ಶಿಕ್ಷಕರು ಅಭ್ಯಾಸದ ಪಾಠ ಮಾಡಲು ಬಂದರು. ಅವರ ಜೊತೆಗೆ ಶೈಕ್ಷಣಿಕ ಮನೋವಿಜ್ಞಾನ ಕಲಿಸುವ ಒಬ್ಬ ಅಧ್ಯಾಪಕರಿದ್ದರು. ಮಾಸಿದ ಕೋಟು, ಜೇಬಿನಲ್ಲಿ ನಶ್ಯದ ಡಬ್ಬಿ. ಮಕ್ಕಳು ಮೊದಲ ದಿನವೇ 'ನಶ್ಯದ ಮಾಸ್ತರ' ಎಂದು ಹೆಸರಿಟ್ಟರು. ಶನಿವಾರ ಬೆಳಿಗ್ಗೆ ಅವರು ನನ್ನ ವರ್ಗದ ಹಿಂದೆ ಬಂದು ಕುಳಿತು, ಹಾಜರಿಯಿಂದ ಹಿಡಿದು ಎಲ್ಲವನ್ನೂ ನೋಡಿದರು.

"ಅಕ್ಕೋರ, ನಿಮ್ಮ ಹಾಜರಿ ಛಲೋ ಅದ" ಎಂದರು ಬಿಡುವಿನಲ್ಲಿ. "ಆದ್ರ ನಿಮಗಿಂತ ಚೆಂದ ಹಾಜರಿ ತಗೊಳ್ಳಾಕಿ ಒಬ್ಬಾಕಿ ಕುಂತಾಳ್ರಿ ಅಲ್ಲೆ."

"ಯಾರ್ರೀ ಸರ?"

"ಕಿಟಕಿ ಹತ್ತರ, ಎರಡ ಜಡಿ. ನೀವು ಕರದಾಗ ಯಾರರೆ 'ಹಾಜರ' ಅನ್ನಲಿಲ್ಲಂದ್ರ ಒಂದ ಬೆರಳ ಮಡಚತಾಳ. ಹತ್ತನೇ ನಂಬರ್ ತನಕ ಅಷ್ಟ. ಮುಂದ ಬೆರಳ ಬಿಟ್ಟಬಿಡ್ತಾಳ. ಯಾಕಿರಬೇಕು?"

ನನಗೆ ಕೂಡಲೇ ಹೊಳೆಯಿತು. ತನಗಿಂತ ಮುಂಚಿನವರಲ್ಲಿ ಎಷ್ಟು ಜನ ಬಂದಿಲ್ಲವೋ ಅಷ್ಟು ಪ್ಯಾರಾ ಅವಳದು ಹಿಂದಕ್ಕೆ ಸರಿಯಬೇಕು! ಹತ್ತನೆಯ ನಂಬರಿನವಳು ಅವಳ ಗೆಳತಿ. ಗಂಟೆಗೆ ಮೊದಲು ಇಬ್ಬರೂ ಬೇವಿನ ಮರದ ಕೆಳಗೆ ಪುಸ್ತಕ ಹಿಡಿದು ಕೂರುವುದನ್ನು ದಿನವೂ ಕಂಡಿದ್ದೆ. ಅಲ್ಲಿ ಗೆಳತಿಯಿಂದ ಪಾಠವನ್ನು ಓದಿಸಿಕೊಂಡು, ಇಡೀ ಪಾಠವನ್ನು ಬಾಯಿಪಾಠ ಮಾಡಿ, ಹಾಜರಿಯ ಹೊತ್ತಿಗೆ ತನ್ನ ಪ್ಯಾರಾ ಯಾವುದೆಂದು ಎಣಿಸಿಕೊಳ್ಳುತ್ತಿದ್ದಳು. ನನ್ನ ನ್ಯಾಯವಾದ ಪದ್ಧತಿಯೇ ಅವಳಿಗೆ ಅಡಗಲು ಜಾಗ ಮಾಡಿಕೊಟ್ಟಿತ್ತು.

ನಡೆದದ್ದನ್ನೆಲ್ಲ ಹೇಳಿದೆ. ಮೋಸ ಎಂಬ ಮಾತು ಮತ್ತೆ ಬಾಯಿಗೆ ಬಂತು. ಅವರು ಒಂದು ಚಿಟಿಕೆ ನಶ್ಯ ಏರಿಸಿ, ಸೀನಿ, ಕೇಳಿದರು: "ದಿನಾ ಇಷ್ಟ ಲೆಕ್ಕ ಹಾಕೂದು ನಿಮ್ಮ ಕೈಲೆ ಆಗತದೇನ್ರಿ?"

"ಇಲ್ರಿ ಸರ."

"ತರಬೇತಿಯೊಳಗ ಮನೋವಿಜ್ಞಾನ ಓದೀರಿಲ್ಲೋ?"

"ಓದೇನ್ರಿ. ವರ್ಗಕ್ಕ ಮೊದಲನೇದಾಕಿ ನಾನ ಇದ್ದೆ. ವೈಯಕ್ತಿಕ ಭಿನ್ನತೆಯ ಅಧ್ಯಾಯ ಈಗೂ ಬಾಯಿಪಾಠ ಐತ್ರಿ."

"ಹೌದೇನು? ಹಂಗಾರ ನೀವೂ ಹನ್ನೊಂದನೇ ನಂಬರಿನವರ ಆದ್ರಿ!" ಎಂದು ನಕ್ಕರು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಆದರೂ ನನಗೆ ಚುರುಕು ಮುಟ್ಟಿತು.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಅವರು ಹುಡುಗಿಯನ್ನು ಪಡಸಾಲೆಯಲ್ಲಿ ಕೂರಿಸಿಕೊಂಡರು. ಒಂದು ಕಥೆಯನ್ನು ಒಮ್ಮೆ ಹೇಳಿದರು. ಅವಳು ಒಂದು ಮಾತೂ ಬಿಡದೆ ತಿರುಗಿ ಹೇಳಿದಳು. ಶೇಂಗಾ ಸಿಪ್ಪೆಗಳನ್ನು ಒಂದು ಆಕಾರದಲ್ಲಿ ಜೋಡಿಸಿ ಕೆಡಿಸಿದರು. ಅವಳು ಹಾಗೆಯೇ ಜೋಡಿಸಿದಳು. ಕೊನೆಗೆ ಪುಸ್ತಕ ತೆರೆದಾಗ ಅವಳ ಮುಖ ಬಾಡಿತು.

"ಏನಾಗತೈತಿ ಹೇಳವಾ, ತಂಗಿ."

"ಅಕ್ಷರ ನಿಂದ್ರೂದಿಲ್ರಿ. ಒಂದು ನೋಡೂದ್ರಾಗ ಬಾಜೂಕಿಂದು ಬರತೈತ್ರಿ."

"ಇದನ್ನ ಅಕ್ಕೋರಿಗೆ ಯಾಕ ಹೇಳಲಿಲ್ಲ? ಹೊಡೀತಾರಂತ ಅಂಜಿದ್ಯಾ?"

ಅವಳು ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. "ಇಲ್ರಿ. ಚೆಂದ ಓದತಿ ಅಂದಿದ್ರು ಅಕ್ಕೋರು."

ನಾನು ಒಳಗೆ ಹೋಗಿ, ಒರೆಸಿದ್ದ ಕರಿಹಲಗೆಯನ್ನೇ ಮತ್ತೊಮ್ಮೆ ಒರೆಸಿದೆ.

ಅಧ್ಯಾಪಕರು ಹೊರಡುವ ಮೊದಲು ಹೇಳಿದ್ದು ಸ್ವಲ್ಪವೇ. ಮೊದಲು ಬೈಲಹೊಂಗಲದ ದವಾಖಾನೆಯಲ್ಲಿ ಕಣ್ಣು ತೋರಿಸಬೇಕು. ಕಣ್ಣು ಸರಿಯಿದ್ದರೆ ಒಂದು ಸಲಕ್ಕೆ ಒಂದೇ ಸಾಲು ಕಾಣುವಂತೆ ಮಾಡಬೇಕು. ಅಕ್ಷರಗಳನ್ನು ದೊಡ್ಡದಾಗಿ ಬೆರಳಿನಿಂದ ತಿದ್ದಿಸಬೇಕು. ಎಲ್ಲರ ಎದುರು ಓದಿಸಬಾರದು. ಇಂಥ ತೊಡಕಿಗೆ ಏನೆನ್ನುತ್ತಾರೆ ಎಂದು ನಾನು ಕೇಳಿದೆ. "ಹೆಸರು ಹೇಳೂದಿಲ್ರಿ. ಹೇಳಿದ್ರ ಅದನ್ನೂ ಬಾಯಿಪಾಠ ಮಾಡ್ತೀರಿ. ಒಂದ ವಹಿ ಇಡ್ರಿ. ಏನ ಬರೂದಿಲ್ಲ ಅಂತ ಬರೀಬ್ಯಾಡ್ರಿ. ಏನ ಬರತದ, ಯಾವಾಗ ಬರತದ, ಎಲ್ಲೆ ನಿಂದ್ರತಾಳ, ಅದನ್ನ ಬರೀರಿ" ಎಂದು ಬಸ್ಸು ಹತ್ತಿದರು.

ವಹಿ ಇಡುವುದು ನನಗೆ ಬರುವ ಕೆಲಸ. ಆದರೆ ಅದಕ್ಕಿಂತ ಮೊದಲು ಸೋಮವಾರದ ಅರ್ಜಿ ನಿಲ್ಲಬೇಕಿತ್ತು. ಭಾನುವಾರ ಬೆಳಿಗ್ಗೆ ಅವಳಪ್ಪ ಗೋಡೆ ಕಟ್ಟುತ್ತಿದ್ದಲ್ಲಿಗೆ ನಾನೇ ಹೋದೆ.

"ನಿಮ್ಮ ಮಗಳು ಮೋಸ ಮಾಡಿಲ್ರಿ. ತಪ್ಪ ನಂದ ಐತಿ. ಆಕಿ ಭಾಳ ಶ್ಯಾಣ್ಯಾ ಅದಾಳ."

ಆತ ಕರಣೆ ಕೆಳಗಿಟ್ಟು ನನ್ನನ್ನು ನೋಡಿದ. "ಅಲ್ರೀ ಅಕ್ಕೋರ, ಮನ್ನೆ ಕಳ್ಳಿ ಅಂದ್ರಿ. ಇವತ್ತ ಶ್ಯಾಣ್ಯಾ ಅಂತೀರಿ. ನಾ ಯಾವ ಅಕ್ಕೋರನ್ನ ನಂಬಲಿ?"

"ಇವತ್ತಿನ ಅಕ್ಕೋರನ್ನ ನಂಬ್ರಿ."

ಮಣ್ಣು ಕಲಸುತ್ತಿದ್ದ ಹೆಂಗಸು ಸೆರಗು ಬಾಯಿಗಿಟ್ಟು ನಕ್ಕಳು. ನಾನು ಮರಳಿನಲ್ಲಿ ಅಕ್ಷರ ತಿದ್ದಿಸುವ, ಒಂದು ಸಲಕ್ಕೆ ಒಂದೇ ಸಾಲು ತೋರಿಸುವ ವಿಷಯ ಹೇಳಿದೆ. ಆತ ಗೋಡೆಯ ಉದ್ದಕ್ಕೂ ಕಟ್ಟಿದ್ದ ದಾರವನ್ನು ಬೆರಳಿನಿಂದ ಮೀಟಿದ. "ದಾರ ಕಟ್ಟದ ನನಗೂ ಗೋಡಿ ಸೊಟ್ಟನ ಬರತೈತ್ರಿ" ಎಂದ. ಕರಣೆಯನ್ನು ಮತ್ತೆ ಎತ್ತಿಕೊಂಡು, "ವಾರ್ಷಿಕ ಪರೀಕ್ಷಾ ತನಕ ನೋಡೂಣು. ಪಾಸಾದ್ರ ಸಾಲಿ, ಇಲ್ಲಂದ್ರ ರಾಮದುರ್ಗ. ಆಮ್ಯಾಲ ನೀವು ಬಂದ್ರೂ ಕೇಳೂದಿಲ್ರಿ ನಾ" ಎಂದ.

ಮರುದಿನ ಅರ್ಜಿಯ ಬದಲು ಒಂದು ಬುಟ್ಟಿ ಸೋಸಿದ ಮರಳು ಬಂತು.

ಕಣ್ಣು ಸರಿಯಿದೆ ಎಂದು ದವಾಖಾನೆಯಲ್ಲಿ ಹೇಳಿದರು. ದಿನವೂ ಪ್ರಾರ್ಥನೆಗೆ ಅರ್ಧ ತಾಸು ಮೊದಲು ನಾವಿಬ್ಬರೂ ಕೂರುತ್ತಿದ್ದೆವು. ಮರಳನ್ನು ತಗಡಿನ ತಟ್ಟೆಯಲ್ಲಿ ಹರಡಿ, ಒಂದೊಂದು ಅಕ್ಷರವನ್ನು ಬಾಯಲ್ಲಿ ಹೇಳುತ್ತ ಬೆರಳಿನಿಂದ ತಿದ್ದಿಸಿದೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಒಂದೇ ಸಾಲಿನಷ್ಟು ಕಿಂಡಿ ಕತ್ತರಿಸಿಕೊಟ್ಟೆ. ಅದನ್ನು ಪುಟದ ಮೇಲಿಟ್ಟರೆ ಉಳಿದ ಸಾಲುಗಳೆಲ್ಲ ಮುಚ್ಚಿಹೋಗುತ್ತಿದ್ದವು. ವರ್ಗದಲ್ಲಿ ನಂಬರಿನಂತೆ ಓದಿಸುವುದನ್ನು ಬಿಟ್ಟೆ. ಮಕ್ಕಳು ಇಬ್ಬಿಬ್ಬರಾಗಿ ಕುಳಿತು ಒಬ್ಬರಿಗೊಬ್ಬರು ಓದುವ ಹೊಸ ಏರ್ಪಾಡು. ವರ್ಗದಲ್ಲಿ ಗದ್ದಲವೋ ಗದ್ದಲ. ಮೊದಲ ವಾರ ನನಗೆ ತಲೆನೋವು ಬಂತು. ಆದರೆ ಆ ಗದ್ದಲದಲ್ಲೇ, ಅವಳಂತೆಯೇ ಬಾಯಿಪಾಠದಲ್ಲಿ ದಾಟಿಕೊಂಡಿದ್ದ ಇನ್ನಿಬ್ಬರಿಗೆ ಓದು ಬಾರದು ಎಂದು ತಿಳಿಯಿತು. ಅವರನ್ನೂ ಬೆಳಗಿನ ಅರ್ಧ ತಾಸಿಗೆ ಸೇರಿಸಿಕೊಂಡೆ.

ಎಲ್ಲವೂ ನೇರವಾಗಿ ನಡೆಯಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ, ಕಲಿತಿದ್ದ ಅಕ್ಷರಗಳೇ ಮತ್ತೆ ಕಲಸಿಹೋದವು. ಒಂದು ದಿನ ಅವಳು ಕಿಂಡಿಯ ಕಾಗದವನ್ನು ನೆಲಕ್ಕೆ ಎಸೆದು, "ನಾ ರಾಮದುರ್ಗಕ್ಕ ಹೋಗತೇನ್ರಿ. ಕಂಡಿಕಿ ಸುತ್ತಾಕ ಅಕ್ಷರ ಬೇಕಾಗೂದಿಲ್ಲ" ಎಂದಳು. ಬೇರೆ ದಿನವಾಗಿದ್ದರೆ ನಾನು ಗಡಿಯಾರ ನೋಡಿ, ಮತ್ತೆ ಶುರುಮಾಡು ಅನ್ನುತ್ತಿದ್ದೆ. ಅಂದು ವಹಿ ತೆಗೆದು, ಅವಳ ಬಗ್ಗೆ ನಾನು ಬರೆದದ್ದನ್ನು ಓದಿ ಹೇಳಿದೆ: ಇಂಥ ದಿನ ಮೂರು ಅಕ್ಷರ ಬಂದವು, ಇಂಥ ದಿನ ತಾನಾಗಿ 'ಬಸವಣ್ಣ ಬಂದ' ಎಂದು ಓದಿದಳು, ಇಂಥ ದಿನ ಗೆಳತಿಯ ತಪ್ಪನ್ನು ತಾನೇ ತಿದ್ದಿದಳು. ಅವಳು ಕೇಳುತ್ತ ಕೇಳುತ್ತ ಕಾಗದವನ್ನು ಎತ್ತಿಕೊಂಡಳು. "ಇದೆಲ್ಲಾ ನಂದೇನ್ರಿ?" ಎಂದು ಎರಡು ಸಲ ಕೇಳಿದಳು.

ನಾನು ಧಾರವಾಡಕ್ಕೆ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದೆ. ಅಧ್ಯಾಪಕರು ಪ್ರತಿ ಸಲ ನಾಲ್ಕು ಸಾಲು ಉತ್ತರಿಸುತ್ತಿದ್ದರು. ಅಂಥ ಒಂದು ಉತ್ತರದಲ್ಲಿ, ಅವಳಿಗೆ ಪಾಠ ತಿಳಿದಿದೆಯೋ ಎಂಬುದನ್ನು ಪರೀಕ್ಷಿಸಬೇಕು, ಪ್ರಶ್ನೆಯನ್ನು ತಾನೇ ಓದಿದಳೋ ಎಂಬುದನ್ನಲ್ಲ ಎಂದಿತ್ತು. ಅದನ್ನು ಹೆಡ್‌ಮಾಸ್ತರರಿಗೆ ತೋರಿಸಿದೆ.

"ಪ್ರಶ್ನೆ ನೀವು ಓದಿ ಹೇಳೂದಂದ್ರ ಪದ್ಧತಿ ಮುರದಂಗ ಆತಲ್ರೀ ಅಕ್ಕೋರ" ಎಂದರು. ಆಮೇಲೆ ಕನ್ನಡಕ ಒರೆಸಿಕೊಂಡು, "ಪದ್ಧತಿ ಬಗ್ಗೆ ನಿಮಗ ನಾ ಹೇಳೂ ಹಂಗಾತು ನೋಡ್ರಿ! ಹೋಗಲಿ, ನಾನೂ ಬಾಜೂಕ ಕುಂದರತೇನಿ" ಎಂದರು. ಪರೀಕ್ಷೆಯ ನಾಲ್ಕು ದಿನವೂ ಹಾಗೆಯೇ ಕುಳಿತರು. ಲೆಕ್ಕ ಮತ್ತು ಪರಿಸರದ ಉತ್ತರಗಳನ್ನು ಅವಳು ಬಾಯಲ್ಲಿ ಹೇಳಿದಳು. ಕನ್ನಡದಲ್ಲಿ, ಹಿಂದೆಂದೂ ಕೇಳಿರದ ಆರು ಸಾಲಿನ ಒಂದು ಪ್ಯಾರಾವನ್ನು, ಕಿಂಡಿಯ ಕಾಗದ ಸರಿಸುತ್ತ ಸರಿಸುತ್ತ, ತಾನೇ ಓದಿದಳು. ನಿಧಾನವಾಗಿ, ಎಡವುತ್ತ ಎಡವುತ್ತ. ನಾನು ಕೇಳಿದ ಎಲ್ಲ ಓದಿಗಿಂತ ಅದು ಚೆಂದವಾಗಿತ್ತು. ಈ ಸಲ ಆ ಮಾತನ್ನು ಅವಳಿಗೆ ಹೇಳಲು ನನಗೆ ಹಕ್ಕಿತ್ತು.

ಮೂವರು ಹಿರಿಯರನ್ನು ನಾನು ಇಂದಿಗೂ ನೆನೆಯುತ್ತೇನೆ: ಬೆರಳು ಮಡಚುವುದನ್ನು ಕಂಡ ಅಧ್ಯಾಪಕರು, ಇಲ್ಲದ ನಿಯಮ ಹೇಳಿ ಸೋಮವಾರದ ತನಕ ಅವಳ ಹೆಸರು ಉಳಿಸಿದ ಹೆಡ್‌ಮಾಸ್ತರರು, ಎರಡನೆಯ ಸಲ ನನ್ನನ್ನು ನಂಬಿದ ಗೌಂಡಿ. ಪುಸ್ತಕದಲ್ಲಿ ಅಧ್ಯಾಯವಾಗಿದ್ದ ಮನೋವಿಜ್ಞಾನ ನನಗೆ ಕೆಲಸಕ್ಕೆ ಬಂದದ್ದು ಅವರಿಂದ. ಆಮೇಲೆ ಮುರಗೋಡಕ್ಕೂ ಕಿತ್ತೂರಿಗೂ ವರ್ಗವಾಗಿ ಹೋದೆ. ಎಲ್ಲ ಕಡೆಯೂ ಬೆಳಗಿನ ಅರ್ಧ ತಾಸು ಮತ್ತು ಆ ವಹಿ ನನ್ನ ಜೊತೆಗಿದ್ದವು.

ಆ ವರ್ಷ ನಿಕಾಲಿಯ ದಿನ, ಅಂದರೆ ಫಲಿತಾಂಶದ ದಿನ, ಪಾಸಾದವರ ಹೆಸರಿನ ಹಾಳೆಯನ್ನು ಬಾಗಿಲಿಗೆ ಅಂಟಿಸಿದ್ದೆವು. ಮಕ್ಕಳು ನುಗ್ಗಿ, ನೋಡಿ, ಕೂಗಿ, ಪ್ರಾರ್ಥನೆಯ ಸಾಲಿಗೆ ಓಡಿದರು. ಹುಡುಗಿಯ ಅಪ್ಪ ಗೇಟಿನ ಹೊರಗೆ ಸೈಕಲ್ ಹಿಡಿದು ನಿಂತಿದ್ದ. ಗೆಳತಿ "ನಿಂದು ಐತಿ, ಐತಿ!" ಎಂದು ಕೂಗಲು ಹೊರಟಳು. ಹುಡುಗಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಕಿಂಡಿಯ ಕಾಗದ ತೆಗೆದು, ಮೊದಲ ಹೆಸರಿನ ಮೇಲಿಟ್ಟು, ಒಂದೊಂದನ್ನೇ ಓದುತ್ತ ಕೆಳಗೆ ಸರಿಸತೊಡಗಿದಳು.

ಪ್ರಾರ್ಥನೆಯ ಹೊತ್ತಾಗಿತ್ತು. ಗಂಟೆಯ ಸುತ್ತಿಗೆ ನನ್ನ ಕೈಯಲ್ಲಿತ್ತು. ಸಾಲಿನಲ್ಲಿ ನಿಂತ ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಅವಳು ಇನ್ನೂ ಐದನೆಯ ಹೆಸರು ಓದುತ್ತಿದ್ದಳು.

ಆ ಶಾಲೆಯಲ್ಲಿ ಅದೊಂದೇ ದಿನ ನಾನು ಗಂಟೆಯನ್ನು ತಡವಾಗಿ ಬಾರಿಸಿದ್ದು.