ಬೆಂಚಿನ ಮೇಲೆ ಬಂದು ಕುಳಿತ ಮೇಡಂ

ಹಿರೇಕೆರೂರಿನ ನಮ್ಮ ವಿಮಾ ಕಚೇರಿಯ ಮ್ಯಾನೇಜರ್ ಮೇಡಂ ಹೋದ ತಿಂಗಳು ತೀರಿಕೊಂಡರು. ಡಿಗ್ರಿ ಓದುತ್ತಲೇ ನಾನು ಅವರ ಕೈಕೆಳಗೆ ಅಪ್ರೆಂಟಿಸ್ ಆಗಿದ್ದೆ. ಕನ್ನಡಕವನ್ನು ಸೆರಗಿನಿಂದ ಒರೆಸುತ್ತಾ, “ಗಾಬರಿ ಆಗಬ್ಯಾಡವಾ, ಮೊದಲ ಉಸಿರು ತಗೋ” ಎನ್ನುತ್ತಿದ್ದರು. ನನ್ನ ಗಾಬರಿ ಮಾತ್ರ ಹೋಗುತ್ತಿರಲಿಲ್ಲ.

ಕೊನೆಯ ವರ್ಷ ನನ್ನ ಕೆಲಸ ನೋಡಿ ಅಂಕ ಹಾಕಲು ಕಾಲೇಜಿನ ಸರ್ ಸಂತೆಯ ದಿನವೇ ಬಂದರು. ಫೇಲಾದರೆ ಡಿಗ್ರಿಯೂ ಇಲ್ಲ, ಕೆಲಸವೂ ಇಲ್ಲ. ಎದುರಿನ ಬೆಂಚಿನಲ್ಲಿ ವಿಮೆ ಮಾಡಿಸಲು ಬಂದ ಚಿಕ್ಕೇರೂರಿನ ಅಜ್ಜಿ ಕುಳಿತಿದ್ದಳು; ಸರ್ ಎದುರು ಅವಳಿಗೆ ಪಾಲಿಸಿ ತಿಳಿಸಿ ಹೇಳುವುದೇ ನನ್ನ ಪರೀಕ್ಷೆ. ಹಿರಿಯರ ಮುಖ ನೋಡಿ ಸಾವಿನ ಮಾತು ಆಡಬಾರದೆಂದು ಮನೆಯಲ್ಲಿ ಕಲಿಸಿದ್ದರು.

“ನಿಮಗ ಏನರ ಹೆಚ್ಚುಕಮ್ಮಿ ಆದ್ರ...” ಎಂದೆ.

“ಏನ್ ಆಗತೈತಿ? ಬಿಡಿಸಿ ಹೇಳವಾ,” ಎಂದಳು ಅಜ್ಜಿ. ನಾನು ಫಾರಂ ತಿರುವಿ ಹಾಕತೊಡಗಿದೆ. ಸರ್ ಗಡಿಯಾರ ನೋಡಿಕೊಂಡರು.

ಮೇಡಂ ಎದ್ದು ಬಂದರು. “ಸ್ವಲ್ಪ ಸರೀರಿ ಯಮ್ಮಾ” ಎಂದು ಅಜ್ಜಿಯ ಪಕ್ಕ ಕುಳಿತು, ನನ್ನನ್ನು ಕೇಳಿದರು: “ನಾ ಸತ್ತರ ರೊಕ್ಕ ಯಾರಿಗಿ ಬರ್ತೈತಿ?”

“ಥೂ, ಬಿಡ್ತು ಅನ್ರಿ!” ಎಂದಳು ಅಜ್ಜಿ.

“ನಾ ಏನ್ ಇವತ್ತ ಹೊಂಟೇನೇನು?” ಎಂದು ಮೇಡಂ ನಕ್ಕರು. ಅಜ್ಜಿಯೂ ನಕ್ಕಳು.

“ನೀವು ಸತ್ತರ, ನೀವು ಯಾರ ಹೆಸರು ಬರೆಸಿರ್ತೀರಿ ಅವರಿಗೆ ಬರ್ತೈತ್ರಿ,” ಎಂದೆ.

ಆ ಮಾತನ್ನು ಮೇಡಂ ಮುಖ ನೋಡಿಯೇ ಹೇಳಿದ್ದೆ. ಅದಕ್ಕೇ ಪಾಸಾದೆ.